ಬೀಗ ಹಾಕಿದ ಬೀರು, ಬೈಸಿಕೊಳ್ಳುವ ಸಿಬ್ಬಂದಿ: ಮಂಡ್ಯದ ಒಂದು ಕಾಲೇಜು ಲೈಬ್ರರಿಯ ಪ್ರಕರಣ

ದೂರು ಒಂದೇ ಸಾಲಿನದು. ಲೈಬ್ರರಿಯವರು ಕೆಲಸ ಮಾಡಲ್ಲ. ಪುಸ್ತಕ ಕೇಳಿದರೆ ಕೂತಲ್ಲಿಂದಲೇ "ಇಲ್ಲ" ಅನ್ನುತ್ತಾರೆ, ಇದೆ ಅಂತ ಗೊತ್ತಿದ್ದು ಕೇಳಿದರೆ "ಅದು ರೆಫರೆನ್ಸು, ಮನೆಗೆ ಕೊಡಲ್ಲ" ಅನ್ನುತ್ತಾರೆ, ಮಧ್ಯಾಹ್ನ ಹೋದರೆ ಕೌಂಟರ್‌ನಲ್ಲಿ ಯಾರೂ ಇರುವುದಿಲ್ಲ. 2024ರ ಜೂನ್‌ನಲ್ಲಿ ಈ ದೂರು ಆಡಳಿತ ಮಂಡಳಿಯ ಸಭೆಗೆ ಹೋಯಿತು. ಬಂದ ಸಲಹೆಗಳೂ ಮಾಮೂಲಿನವೇ. ಬಯೋಮೆಟ್ರಿಕ್ ಹಾಕಿ, ಕ್ಯಾಮೆರಾ ಹಾಕಿ, ಅದಕ್ಕೂ ಬಗ್ಗದಿದ್ದರೆ ಜನ ಬದಲಾಯಿಸಿ. ಒಬ್ಬ ಹಿರಿಯ ಸದಸ್ಯರು ಮಾತ್ರ, ಕ್ಯಾಮೆರಾಗೆ ದುಡ್ಡು ಸುರಿಯುವ ಮೊದಲು ಯಾರಾದರೂ ಹೋಗಿ ಅಲ್ಲಿ ಸ್ವಲ್ಪ ದಿನ ಕೂತು ನೋಡಿ ಅಂದರು. ಆ ಯಾರಾದರೂ ನಾನಾದೆ.

ಮಂಡ್ಯದ ಒಂದು ಅನುದಾನಿತ ಪದವಿ ಕಾಲೇಜು ಇದು. ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿರುವವರ ಗುರುತೂ ಸಿಕ್ಕಿಬಿಡುತ್ತದೆ. ನಾನು ಅಲ್ಲಿ ವಾಣಿಜ್ಯ ಪಾಠ ಮಾಡುತ್ತೇನೆ. ಆ ವರ್ಷ ಗ್ರಂಥಾಲಯ ಸಮಿತಿಯ ಸಂಚಾಲಕಿ ಕೆಲಸ ನನ್ನ ಪಾಲಿಗೆ ಬಂದಿತ್ತು, ಯಾರೂ ಬೇಕು ಅಂತ ಕೇಳಿ ತೆಗೆದುಕೊಳ್ಳುವ ಕೆಲಸ ಅಲ್ಲ ಅದು. ಮಕ್ಕಳು ಮದ್ದೂರು, ಮಳವಳ್ಳಿ, ಪಾಂಡವಪುರ, ನಾಗಮಂಗಲದ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು. ಮನೆಯಲ್ಲಿ ಪುಸ್ತಕ ಕೊಂಡು ಓದುವ ಅನುಕೂಲ ಹೆಚ್ಚಿನವರಿಗೆ ಇಲ್ಲ. ಲೈಬ್ರರಿ ಕೊಡದಿದ್ದರೆ ಗೈಡು, ಜೆರಾಕ್ಸು, ಅಷ್ಟೇ.

ಆಗ ಅಲ್ಲಿ ಕೆಲಸ ಮಾಡುತ್ತಿದ್ದವರು ನಾಲ್ಕು ಜನ. ಸರ್ಕಾರದ ಸಂಬಳ ಬರುತ್ತಿದ್ದ ಗ್ರಂಥಪಾಲಕರು ನಿವೃತ್ತರಾದ ಮೇಲೆ ಆ ಹುದ್ದೆ ತುಂಬಿಲ್ಲ. ಈಗಿರುವವರು ಪ್ರಭಾರ ಗ್ರಂಥಪಾಲಕಿ. ಮೈಸೂರಿನಲ್ಲಿ ಎಂ.ಲಿಬ್., ಅಂದರೆ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ ಮಾಡಿದ್ದಾರೆ, ಸಂಬಳ ಆಡಳಿತ ಮಂಡಳಿಯದು. ಹಿರಿಯ ಅಟೆಂಡರ್ ಒಬ್ಬರಿದ್ದಾರೆ, ಸರ್ಕಾರದ ಅನುದಾನದಲ್ಲಿ ಸಂಬಳ ಬರುವ ಹಳೇ ನೌಕರರು, ಎಲ್ಲರಿಗೂ ಅವರು "ಅಣ್ಣ". ಇನ್ನೊಬ್ಬ ಗುತ್ತಿಗೆ ಮೇಲಿರುವ ಹುಡುಗ, ಪಾಂಡವಪುರ ಕಡೆಯವನು. ನಾಲ್ಕನೆಯವರು ಡೇಟಾ ಎಂಟ್ರಿ ಮಾಡುವ ಮಹಿಳೆ. ಸಂಬಳದ ಲೆಕ್ಕ ತೆಗೆದರೆ ಈ ಸಾಲು ತಲೆಕೆಳಗಾಗುತ್ತದೆ. ಅಣ್ಣನಿಗೆ ಬರುವ ಸಂಬಳ ಜಾಸ್ತಿ, ಇಡೀ ಲೈಬ್ರರಿಯ ಹೊಣೆ ಹೊತ್ತ ಎಂ.ಲಿಬ್. ಮೇಡಂಗೆ ಅದಕ್ಕಿಂತ ಎಷ್ಟೋ ಕಡಿಮೆ, ಹುಡುಗನದು ಹೇಳುವ ಹಾಗೇ ಇಲ್ಲ. ಅನುದಾನಿತ ಕಾಲೇಜುಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ ಬಿಡಿ.

ಆ ಒಂದು ಫೈಲು

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಬೀಗ. ಗಾಜಿನ ಬಾಗಿಲಿನ ಬೀರುಗಳ ಸಾಲು, ಅರ್ಧಕ್ಕರ್ಧ ಬೀಗ ಹಾಕಿದ್ದವು. ಒಳಗೆ ಒಳ್ಳೊಳ್ಳೆ ಪುಸ್ತಕ. ಬೆಲೆ ಜಾಸ್ತಿ ಇರುವ ಅಕೌಂಟಿಂಗ್ ಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ದಪ್ಪ ನಿಘಂಟು, ಎಲ್ಲ ಅದರೊಳಗೇ. ಯಾಕೆ ಅಂತ ಕೇಳಿದರೆ ಯಾರೂ ಸರಿಯಾಗಿ ಬಾಯಿ ಬಿಡಲಿಲ್ಲ. ಅಣ್ಣ ಮಾತ್ರ ಒಂದು ದಿನ ಟೀ ಕುಡಿಯುತ್ತಾ ಅಂದರು: "ಕೊಟ್ರೆ ತಾನೇ ಮೇಡಂ ಕಳ್ಯೋದು? ಕೊಡ್ದೇ ಇದ್ರೆ ಎಲ್ಲೋದದು?"

ಆಮೇಲೆ ಫೈಲು ತೆಗೆಸಿದೆ. ಕೆಲವು ವರ್ಷದ ಹಿಂದೆ ಸ್ಟಾಕ್ ವೆರಿಫಿಕೇಶನ್ ಆಗಿತ್ತು. ಕೊಂಡ ಪುಸ್ತಕಗಳನ್ನೆಲ್ಲ ದಾಖಲಿಸುವ ಅಕ್ಸೆಷನ್ ರಿಜಿಸ್ಟರ್‌ನಲ್ಲಿದ್ದು ಕಪಾಟಿನಲ್ಲಿ ಸಿಗದ ಪುಸ್ತಕಗಳ ಪಟ್ಟಿ ಮಾಡಿ, ಬೆಲೆ ಕೂಡಿಸಿ, ಆ ಮೊತ್ತವನ್ನು ಲೈಬ್ರರಿ ಸಿಬ್ಬಂದಿಯ ಸಂಬಳದಲ್ಲಿ ಕಂತು ಕಂತಾಗಿ ಹಿಡಿದಿದ್ದರು. ಆ ಪಟ್ಟಿಯಲ್ಲಿ ಎಷ್ಟೋ ಪುಸ್ತಕ ಇವರು ಯಾರೂ ಕೆಲಸಕ್ಕೆ ಸೇರುವ ಮೊದಲೇ ಹೋಗಿರಬಹುದು, ಕೆಲವು ಯಾವುದೋ ವಿಭಾಗದ ಮುಖ್ಯಸ್ಥರ ಮೇಜಿನ ಡ್ರಾಯರ್‌ನಲ್ಲಿ ಇದ್ದಿರಬಹುದು, ಗೆದ್ದಲು ತಿಂದು ಎಸೆದದ್ದೂ ಇರಬಹುದು. ಅದನ್ನೆಲ್ಲ ಯಾರು ಕೇಳುತ್ತಾರೆ? ಸಹಿ ಮಾಡಿದವರು ತೆರಬೇಕು, ಅಷ್ಟೇ.

ಈಗ ಅವರ ಜಾಗದಲ್ಲಿ ನಿಂತು ಲೆಕ್ಕ ಹಾಕಿ. ಒಂದು ಪುಸ್ತಕ ಕೊಟ್ಟರೆ ಅವರಿಗೆ ಸಿಗುವುದು ಏನೂ ಇಲ್ಲ, ಒಂದು ಥ್ಯಾಂಕ್ಸ್ ಸಿಕ್ಕರೆ ಹೆಚ್ಚು. ಆ ಪುಸ್ತಕ ವಾಪಸ್ ಬರದಿದ್ದರೆ ಕೈಯಿಂದ ದುಡ್ಡು ಹೋಗುತ್ತದೆ. ಕೊಡದೇ ಇದ್ದರೆ ಏನೂ ಆಗುವುದಿಲ್ಲ. ಒಬ್ಬ ಹುಡುಗ ಬೈದುಕೊಂಡು ಹೋಗುತ್ತಾನೆ. ಬುದ್ಧಿ ಇರುವ ಯಾರಾದರೂ ಏನು ಮಾಡುತ್ತಾರೆ? ಬೀಗ ಹಾಕುತ್ತಾರೆ. ನಾವು ಸೋಮಾರಿತನ ಅಂದುಕೊಂಡದ್ದು ಅವರ ಮಟ್ಟಿಗೆ ಪಕ್ಕಾ ವ್ಯವಹಾರ. ವಾಣಿಜ್ಯ ಪಾಠ ಮಾಡುವ ನನಗೆ ಇದು ಬೇಗ ಅರ್ಥವಾಯಿತು. ಆಡಳಿತ ಮಂಡಳಿಯಲ್ಲಿರುವ ವ್ಯಾಪಾರಸ್ಥರಿಗೂ ಅರ್ಥವಾಗಬೇಕಿತ್ತು, ಆದರೆ ಆ ಫೈಲನ್ನು ಈ ದೂರಿನ ಪಕ್ಕ ಇಟ್ಟು ಯಾರೂ ನೋಡಿರಲಿಲ್ಲ.

ಧೂಳು ಮತ್ತು ಮಧ್ಯಾಹ್ನದ ಖಾಲಿ ಕೌಂಟರ್

ಮಧ್ಯಾಹ್ನ ಕೌಂಟರ್‌ನಲ್ಲಿ ಯಾರೂ ಇರಲ್ಲ ಅನ್ನುವ ದೂರು ನಿಜವೇ. ಕಾರಣ ಇಷ್ಟು: ಲೈಬ್ರರಿ ಕಟ್ಟಡದಲ್ಲಿ ಹೆಂಗಸರಿಗೆ ಶೌಚಾಲಯ ಇಲ್ಲ. ಮೇನ್ ಬ್ಲಾಕಿಗೆ ಹೋಗಿ ಬರಬೇಕು, ದಾರಿಯಲ್ಲಿ ಆಫೀಸಿನವರು ಸಿಕ್ಕರೆ "ಮೇಡಂ ಆ ಪಟ್ಟಿ ಏನಾಯ್ತು" ಅಂತ ನಿಲ್ಲಿಸುತ್ತಾರೆ. ಇನ್ನೊಬ್ಬರನ್ನು ಕೂರಿಸಿ ಹೋಗೋಣ ಅಂದರೆ ಇನ್ನೊಬ್ಬರು ಇರಬೇಕಲ್ಲ? ಅಣ್ಣ ಪುಸ್ತಕದ ಕಪಾಟುಗಳಿರುವ ಸ್ಟ್ಯಾಕ್ ರೂಮಿನಲ್ಲಿರುತ್ತಾರೆ, ಹುಡುಗನನ್ನು ಯಾವುದೋ ಕಾರ್ಯಕ್ರಮಕ್ಕೆ ಕುರ್ಚಿ ಜೋಡಿಸಲು ಕರೆದಿರುತ್ತಾರೆ, ಡೇಟಾ ಎಂಟ್ರಿಯವರು ಆಫೀಸಿನಲ್ಲಿ ಯುಯುಸಿಎಂಎಸ್ ಅನ್ನುವ ಸರ್ಕಾರಿ ಕಾಲೇಜು ಪೋರ್ಟಲ್ ಮುಂದೆ ಕೂತು ಮಕ್ಕಳ ಪರೀಕ್ಷಾ ಶುಲ್ಕದ ವಿವರ ತುಂಬುತ್ತಿರುತ್ತಾರೆ. ಸ್ಕಾಲರ್‌ಶಿಪ್ ಅರ್ಜಿ ಸಮಯ ಬಂದರೆ ಅದೂ ಅವರ ತಲೆ ಮೇಲೆ. ಅಡ್ಮಿಶನ್, ಇಂಟರ್ನಲ್ಸ್, ಚುನಾವಣೆ, ಯಾವುದೇ ಇರಲಿ, ಮೊದಲು ಕೈ ಹೋಗುವುದು ಲೈಬ್ರರಿಯ ಜನರ ಮೇಲೆ. 2024ರ ಏಪ್ರಿಲ್ 26ರಂದು ಮಂಡ್ಯದಲ್ಲಿ ಲೋಕಸಭಾ ಮತದಾನ ಇತ್ತಲ್ಲ, ಆಗ ಅಣ್ಣನಿಗೂ ಡ್ಯೂಟಿ ಬಿದ್ದಿತ್ತು. "ಲೈಬ್ರರೀಲಿ ಏನ್ ಕೆಲಸ ಇರ್ತದೆ" ಅನ್ನುವ ಮಾತನ್ನು ನಾನು ಸ್ಟಾಫ್ ರೂಮಿನಲ್ಲೇ ಎಷ್ಟೋ ಸಲ ಕೇಳಿದ್ದೇನೆ. ಆ ಮಾತು ಹೇಳುವವರೇ ಆಮೇಲೆ ಕೌಂಟರ್ ಖಾಲಿ ಇತ್ತು ಅಂತ ದೂರು ಬರೆಯುತ್ತಾರೆ.

ಸ್ಟ್ಯಾಕ್ ರೂಮು ಹಿಂದುಗಡೆ, ಮೇಲೆ ಶೀಟು. ಮಾರ್ಚ್ ಬಂತು ಅಂದರೆ ಒಳಗೆ ನಿಲ್ಲಲು ಆಗುವುದಿಲ್ಲ. ಪಾರಿವಾಳದ ಕಾಟಕ್ಕೆ ಕಿಟಕಿ ಮುಚ್ಚಿ ಎಷ್ಟೋ ಕಾಲವಾಗಿದೆ, ಟ್ಯೂಬ್‌ಲೈಟ್ ಒಂದು ಸಾಲಿಗೆ ಉರಿದರೆ ಪಕ್ಕದ ಸಾಲಿಗೆ ಇಲ್ಲ. ಹಳೆ ಪುಸ್ತಕದ ಧೂಳು ಮನೆಯ ಧೂಳಿನಂಥದ್ದಲ್ಲ, ಅದರಲ್ಲಿ ಬೂಷ್ಟು ಸೇರಿರುತ್ತದೆ. ಅಣ್ಣನಿಗೆ ಮೊದಲೇ ಉಬ್ಬಸ. ಹಿಂದಿನ ಸಾಲಿನಿಂದ ಒಂದು ಪುಸ್ತಕ ತಂದು ಕೊಡು ಅಂದರೆ ಅವರ ಎದೆ ಅರ್ಧ ಗಂಟೆ ಗೊರಗೊರ ಅನ್ನುತ್ತದೆ. ಹಾಗಾಗಿ ಹಿಂದಿನ ಸಾಲಿನ ಪುಸ್ತಕಗಳೆಲ್ಲ "ಇಲ್ಲ". ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವ ಮುಂಚೆ ಎದುರಿನ ರೀಡಿಂಗ್ ರೂಮಿಗೆ ಬಣ್ಣ, ಪರದೆ, ಹೂಕುಂಡ ಎಲ್ಲ ಬಂದಿತ್ತು. ಸ್ಟ್ಯಾಕ್ ರೂಮಿನ ಬಾಗಿಲು ಆ ದಿನ ಮುಚ್ಚಿತ್ತು.

ಮಾಡಿದ ಕೆಲಸ ಕಾಣದಿದ್ದರೆ

ಡೇಟಾ ಎಂಟ್ರಿ ಮಹಿಳೆಯ ಕಥೆ ಬೇರೆ, ನನಗೆ ಹೆಚ್ಚು ಬೇಜಾರು ಮಾಡಿದ್ದು ಅದೇ. ಅವರು ಸೋಮಾರಿ ಅಂತ ಯಾರೂ ಹೇಳಲು ಸಾಧ್ಯವಿಲ್ಲ. ಕನ್ನಡ ಪುಸ್ತಕಗಳ ಪೂರ್ತಿ ಪಟ್ಟಿಯನ್ನು ವರ್ಷಗಟ್ಟಲೆ ಕೂತು ನುಡಿಯಲ್ಲಿ ಟೈಪ್ ಮಾಡಿದ್ದರು. ಹಳೆಯ ನುಡಿ ಫಾಂಟು, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಆ ಫಾಂಟಿನಲ್ಲಿ ನೋಡಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಕಂಪ್ಯೂಟರ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆ ಪಟ್ಟಿಯನ್ನು ಲೈಬ್ರರಿ ಸಾಫ್ಟ್‌ವೇರ್‌ಗೆ ಹಾಕಿದಾಗ ಶೀರ್ಷಿಕೆಗಳೆಲ್ಲ ಓದಲಾಗದ ಹಾಗೆ ಬಂದವು. ಲೇಖಕರ ಹೆಸರು ಟೈಪ್ ಮಾಡಿ ಹುಡುಕಿದರೆ ಒಂದೂ ಸಿಗುವುದಿಲ್ಲ. ಪುಸ್ತಕ ಹುಡುಕಿ ಅಂದವರಿಗೆ ಕೌಂಟರ್‌ನಲ್ಲಿ "ಸರ್ವರ್ ಡೌನ್" ಅನ್ನುತ್ತಿದ್ದದ್ದು ಇದಕ್ಕೇ. ನಿಜ ಹೇಳಿದರೆ ಇನ್ನೂ ಹತ್ತು ಪ್ರಶ್ನೆಗೆ ಉತ್ತರ ಕೊಡಬೇಕು, ಯಾರಿಗೆ ಬೇಕು?

ಅಷ್ಟು ವರ್ಷದ ಕೆಲಸ ಯಾರಿಗೂ ಉಪಯೋಗಕ್ಕೆ ಬರಲಿಲ್ಲ ಅಂತ ಗೊತ್ತಾದ ಮೇಲೂ ಅವರಿಗೆ ದಿನಾ ಇಷ್ಟು ಎಂಟ್ರಿ ಅಂತ ಟಾರ್ಗೆಟ್ ಇತ್ತು. ಅವರು ಹೊಸ ಪುಸ್ತಕಗಳನ್ನೂ ಅದೇ ಹಳೆ ಫಾಂಟಿನಲ್ಲಿ ತುಂಬುತ್ತಿದ್ದರು. ಕೇಳಿದರೆ "ಹೇಳಿದ್ದಾರೆ ಮೇಡಂ, ಮಾಡ್ತಿದ್ದೀನಿ" ಅಂದರು. 1970ರ ದಶಕದಲ್ಲಿ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಅನ್ನುವ ಇಬ್ಬರು ಅಮೆರಿಕದ ವಿದ್ವಾಂಸರು, ಕೆಲಸದಲ್ಲಿ ಮನಸ್ಸು ನಿಲ್ಲಲು ಏನೇನು ಬೇಕು ಅಂತ ಪಟ್ಟಿ ಮಾಡಿದ್ದರು. ಅದರಲ್ಲಿ ಒಂದು, ನಾನು ಮಾಡಿದ್ದು ಸರಿಯಾಯಿತೋ ಇಲ್ಲವೋ ಅಂತ ಆ ಕೆಲಸದಿಂದಲೇ ತಿಳಿಯಬೇಕು ಅನ್ನುವುದು. ಇನ್ನೊಂದು, ಅದರಿಂದ ಯಾರಿಗೋ ಪ್ರಯೋಜನ ಇದೆ ಅನ್ನುವುದು. ಇವರಿಗೆ ಎರಡೂ ಇರಲಿಲ್ಲ.

ಈ ವಿಷಯದಲ್ಲಿ ದೊಡ್ಡವರಿಗೂ ಹೀಗೇ ಆಗಿದೆ. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ತಳಪಾಯ ಹಾಕಿದ ಎಸ್.ಆರ್. ರಂಗನಾಥನ್ ಮೊದಲು ಗಣಿತದ ಮೇಷ್ಟರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ಸೇರಿದರು, ಮಾಡಲು ಕೆಲಸವಿಲ್ಲದೆ ಒಬ್ಬರೇ ಕೂರುವುದು ತಡೆಯಲಾಗದೆ ಕೆಲವೇ ದಿನದಲ್ಲಿ ಹಳೇ ಕಾಲೇಜಿಗೆ ಹೋಗಿ ನನ್ನನ್ನು ವಾಪಸ್ ತೆಗೆದುಕೊಳ್ಳಿ ಅಂತ ಕೇಳಿದರು. ಕಾಲೇಜಿನವರು, ಮೊದಲು ಲಂಡನ್‌ಗೆ ಹೋಗಿ ಕಲಿತು ಬಾ, ಆಮೇಲೂ ಬೇಡ ಅನ್ನಿಸಿದರೆ ನೋಡೋಣ ಅಂದರಂತೆ. ಅಲ್ಲಿ ಜನ ಲೈಬ್ರರಿಗಳನ್ನು ಹೇಗೆ ಬಳಸುತ್ತಾರೆ ಅಂತ ನೋಡಿ ಬಂದ ಮೇಲೆ ಅದೇ ಮನುಷ್ಯ ಅದೇ ಕುರ್ಚಿಯಲ್ಲಿ ಕೂತು ಸುಮಾರು ಇಪ್ಪತ್ತು ವರ್ಷ ದುಡಿದರು. 1931ರಲ್ಲಿ ಬಂದ ಅವರ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಸುವುದಕ್ಕೆ. ನಮ್ಮ ಬೀರುಗಳ ಮುಂದೆ ನಿಂತು ಇದನ್ನು ಹೇಳಿದರೆ ಸ್ವಲ್ಪ ಕಸಿವಿಸಿ ಆಗುತ್ತದೆ, ಅಲ್ವಾ?

ಮೊದಲು ಮಾಡಿದ್ದು ಬಹುಮಾನ

ನನ್ನ ವರದಿ ಹೋಗುವ ಮೊದಲೇ ಆಡಳಿತ ಮಂಡಳಿಯ ಒಬ್ಬರಿಗೆ ಉತ್ಸಾಹ ಬಂದು, ಆಗಸ್ಟ್ 12ಕ್ಕೆ, ಅಂದರೆ ರಂಗನಾಥನ್ ಹುಟ್ಟುಹಬ್ಬದ ಹೆಸರಲ್ಲಿ ಗ್ರಂಥಪಾಲಕರ ದಿನ ಆಚರಿಸುವಾಗ, ತಿಂಗಳ ಉತ್ತಮ ಸಿಬ್ಬಂದಿ ಅಂತ ಬಹುಮಾನ ಘೋಷಿಸಿದರು. ಯಾರು ಹೆಚ್ಚು ಪುಸ್ತಕ ಇಶ್ಯೂ ಮಾಡುತ್ತಾರೋ ಅವರಿಗೆ. ಒಳ್ಳೇ ಮನಸ್ಸಿನಿಂದಲೇ ಮಾಡಿದ್ದು, ಇಲ್ಲ ಅನ್ನಲ್ಲ. ಮೊದಲ ತಿಂಗಳು ಅಂಕಿ ಜೋರಾಗಿ ಏರಿತು. ನೋಡಿದರೆ ಮಕ್ಕಳು ಅದೇ ಪುಸ್ತಕವನ್ನು ರಿನ್ಯೂ ಮಾಡಿಸಿದ್ದನ್ನು ವಾಪಸ್ ತೆಗೆದುಕೊಂಡು ಹೊಸದಾಗಿ ಕೊಟ್ಟ ಹಾಗೆ ಬರೆದಿದ್ದರು. ಅಣ್ಣ ಮತ್ತು ಹುಡುಗನ ನಡುವೆ ಯಾವತ್ತೂ ಇಲ್ಲದ ಜಗಳ ಶುರುವಾಯಿತು, ಕೌಂಟರ್‌ನಲ್ಲಿ ಯಾರು ಕೂರಬೇಕು ಅಂತ. ಸ್ಟ್ಯಾಕ್ ರೂಮಿಗೆ ಹೋಗಲು ಇಬ್ಬರೂ ತಯಾರಿಲ್ಲ, ಅಲ್ಲಿ ಎಣಿಕೆ ಸಿಗುವುದಿಲ್ಲವಲ್ಲ. ಬೀರುಗಳ ಬೀಗ ಹಾಗೇ ಇತ್ತು. ದಂಡದ ಭಯದ ಮುಂದೆ ಒಂದು ಶಾಲು, ಒಂದು ಸರ್ಟಿಫಿಕೇಟು ಏನೂ ಅಲ್ಲ. ಎರಡು ತಿಂಗಳಿಗೆ ಅದನ್ನು ನಿಲ್ಲಿಸಿದರು. ಬಯೋಮೆಟ್ರಿಕ್ ಕೂಡ ಬಂತು, ಅದು ಈಗಲೂ ಇದೆ. ಎಲ್ಲರೂ ಸರಿಯಾದ ಸಮಯಕ್ಕೆ ಬೆರಳು ಒತ್ತುತ್ತಾರೆ. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ಬೀಗ ತೆಗೆದದ್ದು ಹೇಗೆ

ದಾರಿ ತೋರಿಸಿದ್ದು ಪ್ರಭಾರ ಗ್ರಂಥಪಾಲಕಿಯೇ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೇ ನಿಯಮ ಲೈಬ್ರರಿಗಳ ಬಗ್ಗೆ ಇದೆ. ವರ್ಷದಲ್ಲಿ ಎರವಲು ಹೋದ ಅಥವಾ ಓದಲು ಬಳಸಿದ ಪ್ರತಿ 1000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ ನಷ್ಟ ಅಂತ ಅದು ಒಪ್ಪುತ್ತದೆ, ಮೋಸ ಅಥವಾ ನಿರ್ಲಕ್ಷ್ಯ ಇರಬಾರದು ಅಷ್ಟೇ. 1000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಅಥವಾ ಅಪರೂಪದ ಪುಸ್ತಕ ಹೋದರೆ ತನಿಖೆ ಆಗಲೇಬೇಕು. ಇದು ಕೇಂದ್ರ ಸರ್ಕಾರದ ಕಚೇರಿಗಳಿಗೆ ಮಾಡಿದ ನಿಯಮ, ನಮ್ಮಂಥ ಕಾಲೇಜಿಗೆ ನೇರವಾಗಿ ಅನ್ವಯಿಸುವುದಲ್ಲ. ಆದರೆ ಮಾದರಿಯಾಗಿ ಇಟ್ಟುಕೊಳ್ಳಲು ಅಡ್ಡಿ ಏನು? ಅವರು ಇದನ್ನು ಬಹಳ ಹಿಂದೆಯೇ ಓದಿದ್ದರು. ಹೇಳಬಹುದಿತ್ತಲ್ಲ ಅಂದರೆ, "ಯಾರು ಕೇಳಿದ್ರು ಮೇಡಂ?" ಅಂದರು.

ಈ ನಿಯಮದ ಚಂದ ಏನು ಗೊತ್ತಾ? ವಿನಾಯಿತಿ ಎರವಲಿನ ಜೊತೆ ಬೆಳೆಯುತ್ತದೆ. ವರ್ಷಕ್ಕೆ ಹತ್ತು ಸಾವಿರ ಸಲ ಪುಸ್ತಕ ಕೈ ಬದಲಾದರೆ 50ರವರೆಗೆ ಕಳೆದರೂ ಯಾರೂ ಜೇಬಿನಿಂದ ಕೊಡಬೇಕಿಲ್ಲ. ಸಾವಿರ ಸಲ ಮಾತ್ರ ಕೊಟ್ಟರೆ ಐದಕ್ಕೇ ನಿಲ್ಲುತ್ತದೆ. ಬೀಗ ಹಾಕಿ ಕೂತರೆ ಏನೂ ಸಿಗುವುದಿಲ್ಲ. ಅಂದರೆ ಮುಂಚಿನ ಲೆಕ್ಕ ಪೂರ್ತಿ ತಿರುಗಿ ಬಿತ್ತು. ಪ್ರಿನ್ಸಿಪಾಲರು ಅಕ್ಟೋಬರ್‌ನಲ್ಲಿ ಇದನ್ನೇ ಆಧಾರ ಮಾಡಿಕೊಂಡು ಆದೇಶ ಮಾಡಿಸಿದರು. ವರ್ಷಕ್ಕೊಮ್ಮೆ ಸಮಿತಿ ಕೂತು ಸಹಜ ನಷ್ಟವನ್ನು ರೈಟ್ ಆಫ್ ಮಾಡುತ್ತದೆ, ಅಂದರೆ ಲೆಕ್ಕದಿಂದ ತೆಗೆದುಹಾಕುತ್ತದೆ, ಹಳೆಯ ಬಾಕಿ ಕಂತುಗಳು ರದ್ದು. ಆದೇಶ ಓದಿ ಹೇಳಿದಾಗ ಅಣ್ಣ ಒಂದು ಗಳಿಗೆ ಯೋಚನೆ ಮಾಡಿ, "ಹಂಗಾರೆ ಜಾಸ್ತಿ ಕೊಟ್ಟಷ್ಟೂ ನಮ್ಗೇ ಒಳ್ಳೇದು ಅನ್ನಿ" ಅಂದರು. ಮ್ಯಾನೇಜ್‌ಮೆಂಟ್ ಪಾಠದಲ್ಲಿ ನಾನು ಇಷ್ಟು ಚೆನ್ನಾಗಿ ಯಾವತ್ತೂ ಹೇಳಿಕೊಟ್ಟಿಲ್ಲ. ಆ ವಾರವೇ ಎಲ್ಲ ಬೀಗ ಹೋಯಿತು ಅಂತ ಹೇಳಲಾರೆ. ಮೊದಲು ಒಂದು ಬೀರು ತೆಗೆದರು, ಒಂದು ತಿಂಗಳು ಕಾದು ನೋಡಿದರು, ಸಂಬಳದ ಚೀಟಿ ಸರಿಯಾಗಿ ಬಂತು, ಆಮೇಲೆ ಉಳಿದವು. ಒಮ್ಮೆ ಸುಟ್ಟುಕೊಂಡವರು, ಆದೇಶದ ಕಾಗದವನ್ನು ಅಷ್ಟು ಸುಲಭಕ್ಕೆ ಯಾಕೆ ನಂಬಬೇಕು?

ಉಳಿದ ಬದಲಾವಣೆಗಳು ಸಣ್ಣವು, ಖರ್ಚೂ ಕಡಿಮೆ. ಜಾಲರಿ ಹಾಕಿ ಕಿಟಕಿಗಳನ್ನು ತೆರೆದರು, ಟ್ಯೂಬ್‌ಲೈಟ್ ಬದಲಾಯಿಸಿದರು, ಒಂದು ವ್ಯಾಕ್ಯೂಮ್ ಕ್ಲೀನರ್, ಮಾಸ್ಕು, ಕೌಂಟರ್‌ಗೆ ಬೆನ್ನಿಗೆ ಆಸರೆ ಇರುವ ಕುರ್ಚಿ ಬಂದವು. ಪಕ್ಕದ ಸ್ಟೋರ್ ರೂಮನ್ನು ಶೌಚಾಲಯ ಮಾಡಿಸಲು ಮಾತ್ರ ತುಂಬಾ ಎಳೆದಾಡಬೇಕಾಯಿತು. ಲೈಬ್ರರಿ ಜನರನ್ನು ಬೇರೆ ಕೆಲಸಕ್ಕೆ ಕರೆಯಬೇಕಾದರೆ ಪ್ರಿನ್ಸಿಪಾಲರ ಸಹಿ ಬೇಕು ಅಂತ ಆಯಿತು. ಸಹಿ ಕೇಳಬೇಕು ಅಂದ ತಕ್ಷಣ ಅರ್ಧ ಬೇಡಿಕೆ ತಾನಾಗಿ ನಿಂತುಹೋಯಿತು.

ಎರವಲು ಸಮಯ ಬದಲಾಯಿಸಿದ್ದು ಸಿಬ್ಬಂದಿಯದೇ ಐಡಿಯಾ. ಮುಂಚೆ ಪುಸ್ತಕ ಕೊಡುತ್ತಿದ್ದದ್ದು ಮಧ್ಯಾಹ್ನ ಕ್ಲಾಸ್ ಮುಗಿದ ಮೇಲೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ, ಆದರೆ ಸಂಜೆ ಬಸ್ಸಿನಲ್ಲಿ ಕಾಲಿಡಲೂ ಜಾಗ ಇಲ್ಲ, ಹಾಗಾಗಿ ಅವರು ಬೆಲ್ ಹೊಡೆದ ತಕ್ಷಣ ಸ್ಟ್ಯಾಂಡಿಗೆ ಓಡುತ್ತಿದ್ದರು. ಬೆಳಗ್ಗೆ ಮೊದಲ ಪೀರಿಯಡ್‌ಗೆ ಮುಂಚೆ ಕೊಡೋಣ ಅಂದದ್ದು ಆ ಪಾಂಡವಪುರದ ಹುಡುಗ. ಅವನೂ ಅದೇ ಬಸ್ಸಿನಲ್ಲಿ ಬರುವವನು, ಅವನಿಗೆ ಗೊತ್ತು. ಸಮಿತಿಯಲ್ಲಿ ಕೂತ ನಮ್ಮೆಲ್ಲರಿಗೂ ಸ್ಕೂಟರು, ಕಾರು ಇದ್ದವು.

2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಕನ್ನಡ ಪುಸ್ತಕಕ್ಕೆ ಇಟ್ಟಿದ್ದ ಹಣದಲ್ಲಿ ಒಂದು ಭಾಗವನ್ನು ಸಿಬ್ಬಂದಿ ಕೈಗೇ ಕೊಟ್ಟು, ಮಳಿಗೆಗಳಿಗೆ ಹೋಗಿ ನೀವೇ ಆರಿಸಿ ತನ್ನಿ ಅಂದೆವು. ಅಲ್ಲಿಯವರೆಗೆ ಪುಸ್ತಕ ಆಯ್ಕೆ ಮಾಡುತ್ತಿದ್ದವರು ವಿಭಾಗದ ಮುಖ್ಯಸ್ಥರು, ಪಟ್ಟಿ ಸರಬರಾಜುದಾರನಿಗೆ ಹೋಗುತ್ತಿತ್ತು, ಬಂಡಲ್ ಬರುತ್ತಿತ್ತು. ಅಣ್ಣ ತಂದದ್ದು ಪತ್ತೇದಾರಿ ಕಾದಂಬರಿ, ರೇಷ್ಮೆ ಕೃಷಿ, ಕಬ್ಬಿನ ಬೇಸಾಯ. ಒಬ್ಬ ಪ್ರಾಧ್ಯಾಪಕರು ಮೂಗು ಮುರಿದರು. ಆ ಪುಸ್ತಕಗಳು ಕಪಾಟಿನಲ್ಲಿ ನಿಲ್ಲುವುದೇ ಇಲ್ಲ. ಅಣ್ಣ ಅವುಗಳನ್ನು ಯಾರು ತೆಗೆದುಕೊಂಡು ಹೋದರು ಅಂತ ರಿಜಿಸ್ಟರ್ ನೋಡದೇ ಹೇಳುತ್ತಾರೆ.

ಡೇಟಾ ಎಂಟ್ರಿಯವರು ಜನವರಿಯಿಂದ ಹಳೆ ಪಟ್ಟಿಯನ್ನು ಯೂನಿಕೋಡ್‌ಗೆ ತಿರುಗಿಸಲು ಶುರು ಮಾಡಿದರು. ಉಚಿತ ಪರಿವರ್ತಕಗಳು ಸಿಗುತ್ತವೆ. ಕಷ್ಟ ಏನೆಂದರೆ ಶೀರ್ಷಿಕೆಯ ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತದೆ, ಅರ್ಕಾವತ್ತು ಕೆಲವು ಕಡೆ ಎಡವಟ್ಟಾಗುತ್ತದೆ. ಅವರು ತಾವೇ ತಪ್ಪುಗಳ ಒಂದು ಪಟ್ಟಿ ಮಾಡಿಕೊಂಡು ಸಾಲು ಸಾಲಾಗಿ ತಿದ್ದಿದರು. ಸಾಫ್ಟ್‌ವೇರನ್ನೂ ಕೋಹಾಗೆ ಬದಲಾಯಿಸಿದೆವು. ನ್ಯೂಜಿಲೆಂಡಿನಲ್ಲಿ ಹುಟ್ಟಿದ್ದು, 2000ನೇ ಇಸವಿಯಿಂದ ಎಲ್ಲರಿಗೂ ಉಚಿತ. ದಿನದ ಟಾರ್ಗೆಟ್ ತೆಗೆದುಹಾಕಿದೆವು. ಮೊದಲ ಸಲ ಒಬ್ಬ ಹುಡುಗಿ ಕನ್ನಡದಲ್ಲಿ ಟೈಪ್ ಮಾಡಿ ಪುಸ್ತಕ ಹುಡುಕಿದಾಗ ಅವರು ಎದ್ದು ಹೋಗಿ ಆ ಸ್ಕ್ರೀನ್ ನೋಡಿ ಬಂದರು.

ಸಂಬಳ

ಬಿ.ಕಾಂ. ಮಕ್ಕಳಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ ಪಾಠ ಮಾಡುತ್ತೇನೆ. ಪಿಟ್ಸ್‌ಬರ್ಗ್ ಸುತ್ತಮುತ್ತ ಸುಮಾರು 200 ಎಂಜಿನಿಯರ್, ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಅವರು ಹೇಳಿದ್ದು ಇಷ್ಟು: ಸಂಬಳ, ಜಾಗ, ನಿಯಮ ಇವು ಕೆಟ್ಟರೆ ಜನ ಕೊರಗುತ್ತಾರೆ, ಸರಿಯಾದರೆ ಕೊರಗು ಹೋಗುತ್ತದೆ ಅಷ್ಟೇ, ಹುರುಪು ಬರುವುದು ಕೆಲಸದಿಂದ, ಜವಾಬ್ದಾರಿಯಿಂದ, ಮೆಚ್ಚುಗೆಯಿಂದ. ನಮ್ಮ ಆಡಳಿತ ಮಂಡಳಿಗೆ ಈ ಮಾತಿನ ಕೊನೆಯ ಅರ್ಧ ಬಹಳ ಇಷ್ಟವಾಯಿತು. ಜವಾಬ್ದಾರಿ ಕೊಟ್ಟಿದ್ದೇವೆ, ಮೆಚ್ಚುಗೆ ಕೊಟ್ಟಿದ್ದೇವೆ, ಇನ್ನೇನು ಬೇಕು? ನನಗೆ ಈ ಜಾಗದಲ್ಲಿ ಹರ್ಜ್‌ಬರ್ಗ್‌ಗಿಂತ ಆಡಮ್ಸ್ ಅನ್ನುವ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಸರಿ ಅನ್ನಿಸುತ್ತದೆ. 1963ರಲ್ಲಿ ಅವರು ಬರೆದದ್ದು ಜನ ತಮಗೆ ಬರುವುದನ್ನು ಪಕ್ಕದವರಿಗೆ ಬರುವುದರ ಜೊತೆ ಹೋಲಿಸುತ್ತಾರೆ ಅಂತ. ಪ್ರಭಾರ ಗ್ರಂಥಪಾಲಕಿ ಪ್ರತಿ ತಿಂಗಳು ಅಣ್ಣನ ಹಾಜರಾತಿಗೆ ಸಹಿ ಹಾಕಿ ಕಳಿಸುತ್ತಾರೆ. ಆ ಸಹಿಯಿಂದ ಬರುವ ಸಂಬಳ ತಮ್ಮದಕ್ಕಿಂತ ಜಾಸ್ತಿ ಅಂತ ಅವರಿಗೆ ಗೊತ್ತು. ಅಣ್ಣನಿಗೂ ಗೊತ್ತು, ಅವರಿಗೇ ಮುಜುಗರ. ಇದರಲ್ಲಿ ಅಣ್ಣನ ತಪ್ಪೇನಿದೆ?

2025ರ ಆಗಸ್ಟ್‌ನಲ್ಲಿ ಪಾಂಡವಪುರದ ಹುಡುಗ ಕೆಲಸ ಬಿಟ್ಟ. ಬಿಡದಿ ಕಡೆ ಒಂದು ಕಾರ್ಖಾನೆಯಲ್ಲಿ ಸಿಕ್ಕಿತು, ಸಂಬಳ ಇಲ್ಲಿಯದಕ್ಕಿಂತ ಬಹಳ ಜಾಸ್ತಿ, ಪಿಎಫ್ ಇದೆ, ಬಸ್ಸೂ ಅವರದೇ. ಲೈಬ್ರರಿ ಕೆಲಸ ಇಷ್ಟ ಇರಲಿಲ್ವಾ ಅಂತ ಕೇಳಿದೆ. "ಇಷ್ಟ ಇತ್ತು ಮೇಡಂ, ಈಗೀಗ ಜಾಸ್ತಿನೇ ಇತ್ತು. ಮನೇಲಿ ಮದ್ವೆ ಮಾತು ನಡೀತಿದೆ" ಅಂದ. ಹೋಗುವ ಮುಂಚೆ ಬಾರ್‌ಕೋಡ್ ಅಂಟಿಸುವ ಕೆಲಸ ಎಲ್ಲಿಗೆ ನಿಂತಿದೆ ಅಂತ ಚೀಟಿ ಬರೆದಿಟ್ಟು ಹೋದ. ಕೆಲಸ ಮಾಡಲ್ಲ ಅಂತ ದೂರು ಬಂದಿದ್ದ ನಾಲ್ಕು ಜನರಲ್ಲಿ ಅವನೂ ಒಬ್ಬ.

ಅವನ ಜಾಗಕ್ಕೆ ಜಾಹೀರಾತು ಕೊಡುವ ಮೊದಲು ಗುತ್ತಿಗೆ ಸಂಬಳ ಮತ್ತು ಪ್ರಭಾರ ಗ್ರಂಥಪಾಲಕಿಯ ಸಂಬಳ ಎರಡನ್ನೂ ಪರಿಷ್ಕರಿಸಿ ಅಂತ ಸಮಿತಿ ಟಿಪ್ಪಣಿ ಬರೆದಿದೆ. ಅದು ಎರಡು ಸಭೆಗಳಲ್ಲಿ ಮುಂದಕ್ಕೆ ಹೋಗಿದೆ. ಅಲ್ಲಿಯವರೆಗೆ ಬೆಳಗಿನ ಎರವಲು ಕೌಂಟರ್ ಅಣ್ಣನೇ ನೋಡಿಕೊಳ್ಳುತ್ತಿದ್ದಾರೆ, ಸಂಜೆ ರೀಡಿಂಗ್ ರೂಮ್ ತೆಗೆದಿಡಲು ಜನ ಸಾಲದೆ ಒಂದು ಗಂಟೆ ಮುಂಚೆ ಮುಚ್ಚುತ್ತಿದ್ದೇವೆ, ಮತ್ತು ಅದರ ಬಗ್ಗೆ ಮಕ್ಕಳಿಂದ ಹೊಸ ದೂರು ಬಂದಿದೆ.